ಬೆಳಗಾವಿಯಲ್ಲಿ ಫ್ಯಾಮಿಲಿ ಡಾಕ್ಟರ್: ಪಾಳಿ, ಚೀಟಿ, ಫೈಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ದವಾಖಾನೆಯ ಮೇಜಿನ ಆಚೆ ಬದಿಯಿಂದ ಬಂದವು. ಉತ್ತರಿಸುತ್ತಿರುವವನು ಬೆಳಗಾವಿಯ ಒಬ್ಬ ಸಾಮಾನ್ಯ ವೈದ್ಯ. ಯಾವ ಕಾಯಿಲೆಗೆ ಯಾವ ಗುಳಿಗೆ ಎಂದು ಇಲ್ಲಿ ಹುಡುಕಬೇಡಿ. ಡಾಕ್ಟರನ್ನು ತಲುಪುವುದು ಹೇಗೆ, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಇಷ್ಟೊಂದು ದೊಡ್ಡ ಆಸ್ಪತ್ರೆಗಳಿರುವ ಊರಿನಲ್ಲಿ ಫ್ಯಾಮಿಲಿ ಡಾಕ್ಟರ್ ಯಾಕೆ ಬೇಕು?

ಆಸ್ಪತ್ರೆಗಳು ಹೆಚ್ಚಿರುವುದರಿಂದಲೇ ಬೇಕು. ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ ಇದೆ. ಹಳಬರಿಗೆ ಅದು ಇಂದಿಗೂ ಸಿವಿಲ್ ಆಸ್ಪತ್ರೆ. ನೆಹರೂ ನಗರದಲ್ಲಿ ಕೆಎಲ್‌ಇ ಆಸ್ಪತ್ರೆ ಇದೆ; ಅದರ ಜೊತೆಗಿರುವ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಟಿಳಕವಾಡಿಯಿಂದ ಮಹಾಂತೇಶ ನಗರದವರೆಗೆ ಎಲ್ಲಿ ನೋಡಿದರೂ ವೈದ್ಯರ ಬೋರ್ಡುಗಳು. ಆದರೂ ಅರವತ್ತು ದಾಟಿದ ಒಬ್ಬ ಸಾಮಾನ್ಯ ರೋಗಿಯನ್ನು ನೋಡಿ: ಶುಗರ್‌ಗೆ ಒಬ್ಬರು, ಮೊಣಕಾಲಿಗೆ ಮತ್ತೊಬ್ಬರು, ಎದೆಗೆ ಇನ್ನೊಬ್ಬರು. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ನಿಪುಣರು. ಮೊಣಕಾಲಿನವರು ಬರೆದ ನೋವಿನ ಗುಳಿಗೆ ಬಿಪಿಯನ್ನು ಏರಿಸುತ್ತಿದೆ, ಕಿಡ್ನಿಗೆ ಭಾರವಾಗುತ್ತಿದೆ ಎಂಬುದನ್ನು ಗಮನಿಸುವವರು ಯಾರು? ಆ ಕುರ್ಚಿ ಖಾಲಿ ಇದೆ. ಫ್ಯಾಮಿಲಿ ಡಾಕ್ಟರ್ ಕೂರಬೇಕಾದ ಜಾಗ ಅದು.

ಪ್ರಾಥಮಿಕ ಆರೋಗ್ಯ ಸೇವೆಯನ್ನು ಜೀವನವಿಡೀ ಅಧ್ಯಯನ ಮಾಡಿದ ಅಮೆರಿಕದ ವೈದ್ಯೆ ಬಾರ್ಬರಾ ಸ್ಟಾರ್‌ಫೀಲ್ಡ್ ಈ ಕೆಲಸಕ್ಕೆ ನಾಲ್ಕು ಲಕ್ಷಣ ಹೇಳಿದ್ದರು. ಕಾಯಿಲೆ ಬಿದ್ದಾಗ ಮೊದಲು ಸಿಗುವವರು ಇವರಾಗಿರಬೇಕು, ವರ್ಷಗಟ್ಟಲೆ ಅವರೇ ಮುಂದುವರಿಯಬೇಕು, ದೇಹದ ಯಾವ ತೊಂದರೆಯನ್ನೂ ಕೇಳಿಸಿಕೊಳ್ಳಬೇಕು, ಬೇರೆ ವೈದ್ಯರ ಚಿಕಿತ್ಸೆಯನ್ನೆಲ್ಲ ಒಂದೆಡೆ ಜೋಡಿಸಬೇಕು. ನಮ್ಮ ಊರಲ್ಲಿ ಮೊದಲನೆಯದು ಹೇಗೋ ನಡೆಯುತ್ತದೆ. ಕೊನೆಯದು ನಡೆಯುವುದಿಲ್ಲ ಎಂದೇ ಹೇಳಬೇಕು.

ಒಬ್ಬರೇ ಡಾಕ್ಟರ್ ಇದ್ದರೆ ನಿಜವಾಗಿ ಲಾಭವಿದೆಯೇ, ಅಥವಾ ಇದು ಹಳೆಯ ಕಾಲದ ಮೋಹವೇ?

ಲಾಭಕ್ಕೆ ಲೆಕ್ಕವಿದೆ. ನಾರ್ವೆ ದೇಶದಲ್ಲಿ ಪ್ರತಿಯೊಬ್ಬರಿಗೂ ನಿಗದಿತ ವೈದ್ಯರಿರುತ್ತಾರೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ವೈದ್ಯರಿದ್ದವರನ್ನು, ಒಂದೇ ವರ್ಷದ ಪರಿಚಯವಿದ್ದವರ ಜೊತೆ ಹೋಲಿಸಿದಾಗ, ಮೊದಲ ಗುಂಪಿನಲ್ಲಿ ಸಾವಿನ ಸಂಭವ ಸುಮಾರು 25 ಪ್ರತಿಶತ ಕಡಿಮೆ ಇತ್ತು. ತುರ್ತಾಗಿ ಆಸ್ಪತ್ರೆ ಸೇರುವ ಸಂಭವ ಸುಮಾರು 28 ಪ್ರತಿಶತ ಕಡಿಮೆ. ನಾರ್ವೆಯ ಅಂಕಿ ನಮ್ಮ ಶಹಾಪುರಕ್ಕೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಪರಿಚಯವಿರುವ ವೈದ್ಯರಿಗೆ ನಿಮ್ಮ ಮುಖ ಎಂದಿನಂತಿಲ್ಲ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ.

ಯಾರನ್ನು ಆರಿಸಿಕೊಳ್ಳಬೇಕು?

ಮನೆಯಿಂದ ನಡೆದೋ ಒಂದು ಆಟೋ ಹಿಡಿದೋ ಹೋಗುವಷ್ಟು ದೂರದಲ್ಲಿರುವವರನ್ನು. ಕರ್ನಾಟಕದಲ್ಲಿ ಪ್ರತಿ ಖಾಸಗಿ ದವಾಖಾನೆಯೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರವನ್ನೂ ಶುಲ್ಕದ ವಿವರವನ್ನೂ ಕಾಣುವಂತೆ ತೂಗುಹಾಕಿರಬೇಕು. ಗೋಡೆ ನೋಡಿ. ಅಲ್ಲಿ ದೇವರ ಫೋಟೋ ಮಾತ್ರ ಇದ್ದರೆ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಎಂಬಿಬಿಎಸ್ ಸಾಕು, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಎಂಬ ಸ್ನಾತಕೋತ್ತರ ಓದು ಮುಗಿಸಿದವರು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅಂಥವರು ಕಡಿಮೆ.

ಪದವಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಮೂರು ಅಭ್ಯಾಸಗಳಿಗೆ. ಹಳೆಯ ಕಾಗದಗಳನ್ನು ಓದುತ್ತಾರೆಯೇ? ನಿಮ್ಮ ಹೆಸರಿನಲ್ಲಿ ಏನಾದರೂ ಬರೆದಿಟ್ಟುಕೊಳ್ಳುತ್ತಾರೆಯೇ? "ಇದು ನನ್ನ ಕೈಯಲ್ಲಿ ಆಗುವಂಥದ್ದಲ್ಲ, ಅಲ್ಲಿಗೆ ಹೋಗಿ" ಎಂದು ಹೇಳುವ ಧೈರ್ಯ ಅವರಿಗಿದೆಯೇ? ಈ ಮೂರನೆಯದು ಇಲ್ಲದವರಿಂದ ದೂರವಿರಿ.

ಬೆಳಿಗ್ಗೆ ನಂಬರ್ ಹಚ್ಚಿದರೂ ಮಧ್ಯಾಹ್ನದವರೆಗೆ ಕೂರಬೇಕು. ಪಾಳಿ ಕಡಿಮೆ ಮಾಡಲು ಸಾಧ್ಯವಿಲ್ಲವೇ?

ಸಾಧ್ಯವಿದೆ. ಆದರೆ ಪಾಳಿ ಉದ್ದವಾಗುವುದು ರೋಗಿಗಳು ಹೆಚ್ಚಿರುವುದರಿಂದ ಮಾತ್ರವಲ್ಲ; ಬೇರೆ ಬೇರೆ ಕೆಲಸಕ್ಕೆ ಬಂದವರೆಲ್ಲ ಒಂದೇ ಬೆಂಚಿನಲ್ಲಿ ಕೂರುವುದರಿಂದ. ಒಂದು ಸಾಮಾನ್ಯ ಬೆಳಗಿನ ಬೆಂಚು ಹೀಗಿರುತ್ತದೆ: ಜ್ವರದ ಮಗು, ಬಿಪಿ ಗುಳಿಗೆಯ ಚೀಟಿ ಹೊಸದಾಗಿ ಬರೆಸಿಕೊಳ್ಳಲು ಬಂದ ಅಜ್ಜ, ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸಲು ಬಂದ ಹುಡುಗ, ಶಾಲೆಗೆ ಸರ್ಟಿಫಿಕೇಟ್ ಬೇಕಾದ ತಾಯಿ, ಮತ್ತು ಮೂಲೆಯಲ್ಲಿ ಸುಮ್ಮನೆ ಎದೆ ಹಿಡಿದು ಕೂತ ಒಬ್ಬರು. ಕೊನೆಯವರು ಮೊದಲು ಒಳಗೆ ಬರಬೇಕು. ನಂಬರಿನ ಲೆಕ್ಕದಲ್ಲಿ ಅವರದು ಹದಿನೆಂಟು.

ಹಾಗಾಗಿ ದವಾಖಾನೆಗಳು ಮಾಡಬಹುದಾದ ಮೊದಲ ಕೆಲಸ ಬಾಗಿಲಲ್ಲೇ ವಿಂಗಡಿಸುವುದು. ಇದಕ್ಕೆ ಕಂಪ್ಯೂಟರ್ ಬೇಡ, ಚುರುಕಾದ ಒಬ್ಬ ನರ್ಸ್ ಅಥವಾ ಕಂಪೌಂಡರ್ ಸಾಕು. ಉಸಿರು, ನಾಡಿ, ಜ್ವರ, ಬಿಪಿ ನೋಡಿ "ಇವರನ್ನು ಮೊದಲು ಬಿಡಿ" ಎನ್ನುವ ಅಧಿಕಾರ ಅವರಿಗಿರಬೇಕು. ಹಾಗೆ ಬಿಟ್ಟಾಗ ಹೊರಗೆ ಕೂತವರು ಗಲಾಟೆ ಮಾಡಬಾರದು, ಅದೂ ಅಷ್ಟೇ ಮುಖ್ಯ.

ಎರಡನೆಯದು ಸಮಯ ಹಂಚುವುದು. ಬಿಪಿ, ಶುಗರ್‌ನಂತಹ ದೀರ್ಘಕಾಲದ ಕಾಯಿಲೆಯವರಿಗೆ ವಾರದಲ್ಲಿ ಬೇರೆ ಹೊತ್ತು ಕೊಟ್ಟು, ಬೆಳಗಿನ ವೇಳೆಯನ್ನು ಹೊಸ ಕಾಯಿಲೆಯವರಿಗೆ ಬಿಡಬೇಕು. ಪೂರ್ತಿ ಅಪಾಯಿಂಟ್‌ಮೆಂಟ್ ವ್ಯವಸ್ಥೆ ನಮ್ಮಲ್ಲಿ ನಡೆಯುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಬಂದರೆ ಕಾಯ್ದಿರಿಸಿದ ಪಟ್ಟಿಯೆಲ್ಲ ತಲೆಕೆಳಗಾಗುತ್ತದೆ, ಸುತ್ತಲಿನ ಹಳ್ಳಿಯಿಂದ ಬಸ್ ಹಿಡಿದು ಬಂದವರನ್ನು ಹಿಂದಕ್ಕೆ ಕಳಿಸುವುದೂ ನ್ಯಾಯವಲ್ಲ. ಅರ್ಧ ಹೊತ್ತು ಕಾಯ್ದಿರಿಸಿ, ಅರ್ಧ ಹೊತ್ತು ತೆರೆದಿಡುವುದು ನನ್ನ ಪ್ರಕಾರ ಸರಿಯಾದ ಹಾದಿ.

ರೋಗಿಗಳ ಕಡೆಯಿಂದ ಕೇಳುವುದು ಒಂದೇ. ರಿಪೋರ್ಟ್ ತೋರಿಸುವುದಷ್ಟೇ ಇದ್ದರೆ ಸೋಮವಾರ ಬೆಳಿಗ್ಗೆ ಬರಬೇಡಿ. ಭಾನುವಾರದ ಬಾಕಿಯೆಲ್ಲ ಅಂದು ಬಂದು ಸೇರಿರುತ್ತದೆ.

ಸರ್ಕಾರದ ನಗರ ಆರೋಗ್ಯ ಕೇಂದ್ರ, "ನಮ್ಮ ಕ್ಲಿನಿಕ್" ಇವುಗಳಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುತ್ತಾರೆಯೇ?

ವೈದ್ಯರು ಸಿಗುತ್ತಾರೆ. ಅವರು ವರ್ಷಗಟ್ಟಲೆ ಅಲ್ಲೇ ಇದ್ದರೆ ಫ್ಯಾಮಿಲಿ ಡಾಕ್ಟರೂ ಆಗುತ್ತಾರೆ. ಗುತ್ತಿಗೆಯ ಮೇಲೆ ಬಂದವರು ಸ್ನಾತಕೋತ್ತರ ಸೀಟು ಸಿಕ್ಕ ಕೂಡಲೇ ಹೊರಡುವುದೇ ಇಲ್ಲಿನ ತೊಂದರೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಸುಮಾರು 50,000 ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4.88 ಲಕ್ಷ. ಆಗಿನ ಲೆಕ್ಕಕ್ಕೇ ಹತ್ತು ಕೇಂದ್ರ ಬೇಕಾಗುತ್ತದೆ, ಊರು ಆಮೇಲೆ ಕಣಬರಗಿಯ ಕಡೆಗೂ ಹಿಂಡಲಗಾದ ಕಡೆಗೂ ಬೆಳೆದಿದೆ. ಈ ಅಂತರ ತುಂಬಲೆಂದೇ ರಾಜ್ಯ ಸರ್ಕಾರ 2022ರ ಡಿಸೆಂಬರ್ 14ರಂದು ಹುಬ್ಬಳ್ಳಿಯಲ್ಲಿ ನಮ್ಮ ಕ್ಲಿನಿಕ್ ಯೋಜನೆಗೆ ಚಾಲನೆ ಕೊಟ್ಟಿತು. ಇಡೀ ರಾಜ್ಯಕ್ಕೆ 438 ಕ್ಲಿನಿಕ್‌ಗಳ ಗುರಿ ಇಟ್ಟುಕೊಂಡಿತು. ಒಂದೊಂದಕ್ಕೂ ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ತಂತ್ರಜ್ಞರು. ತಪಾಸಣೆ, ಮೂಲಭೂತ ಪರೀಕ್ಷೆ, ಔಷಧ ಎಲ್ಲವೂ ಉಚಿತ. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಬಿಪಿ ಮತ್ತು ಶುಗರ್ ಔಷಧಕ್ಕೆ ಇವುಗಳನ್ನು ಬಳಸದೆ ಕೈಯಿಂದ ದುಡ್ಡು ಹಾಕುವುದು ನಿಜಕ್ಕೂ ದಂಡ.

ಕ್ಷಯಕ್ಕಂತೂ ಸರ್ಕಾರಿ ಚಿಕಿತ್ಸೆಯನ್ನೇ ಹಿಡಿಯಿರಿ. ಔಷಧ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ.

ನಾನು ಉದ್ಯಮಬಾಗದಲ್ಲಿ ಕೆಲಸ ಮಾಡುತ್ತೇನೆ. ಕೇಂದ್ರ ತೆರೆದಿರುವಾಗ ನನಗೆ ರಜೆ ಇಲ್ಲ. ಏನು ಮಾಡಲಿ?

ಇದು ಇಡೀ ಪಟ್ಟಿಯಲ್ಲೇ ನ್ಯಾಯವಾದ ದೂರು. ನಮ್ಮ ಕ್ಲಿನಿಕ್ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ ಎಂದು ನಿಗದಿಯಾಗಿದೆ. ಫೌಂಡ್ರಿಯ ಕಾರ್ಮಿಕರು, ವಡಗಾವಿಯ ಮಗ್ಗದವರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಆ ಹೊತ್ತಿನಲ್ಲಿ ಬಂದರೆ ಅಂದಿನ ಕೂಲಿ ಹೋಗುತ್ತದೆ. ಔಷಧ ಉಚಿತವಾದರೂ ಭೇಟಿ ಉಚಿತವಲ್ಲ. ನಗರ ಆರೋಗ್ಯ ಕೇಂದ್ರಗಳು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತೆರೆದಿರಲಿ ಎಂದು ನಗರ ಆರೋಗ್ಯ ಅಭಿಯಾನದ ಮಾರ್ಗಸೂಚಿಯೇ ಸೂಚಿಸಿತ್ತು. ವಾರ್ಡಿಗೊಂದು ಹೊಸ ಕಟ್ಟಡ ಕಟ್ಟುವ ಮೊದಲು ಇರುವ ಕೇಂದ್ರಗಳ ಬಾಗಿಲನ್ನು ಸಂಜೆ ತೆರೆದಿಟ್ಟರೆ ಹೆಚ್ಚು ಜನರಿಗೆ ಉಪಯೋಗವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಲಿಕೆಯ ಸದಸ್ಯರು ಮನೆಗೆ ಬಂದಾಗ ಗಟಾರಿನ ಜೊತೆ ಇದನ್ನೂ ಕೇಳಿ.

ನಿಮಗೆ ಇನ್ನೊಂದು ದಾರಿಯೂ ಇರಬಹುದು. ತಿಂಗಳ ಸಂಬಳ 21,000 ರೂಪಾಯಿ ಮೀರದಿದ್ದು ಕಾರ್ಖಾನೆ ಇಎಸ್‌ಐ ಎಂಬ ಕಾರ್ಮಿಕರ ವಿಮೆಯ ವ್ಯಾಪ್ತಿಯಲ್ಲಿದ್ದರೆ ಸಂಬಳದಿಂದ 0.75 ಪ್ರತಿಶತ ಕಡಿತವಾಗುತ್ತಿರುತ್ತದೆ, ಮಾಲೀಕರು 3.25 ಪ್ರತಿಶತ ಕಟ್ಟುತ್ತಿರುತ್ತಾರೆ. ಸಂಬಳದ ಚೀಟಿ ತೆಗೆದು ನೋಡಿ. ಕಡಿತ ಇದ್ದರೆ ನಿಮಗೂ ಮನೆಯವರಿಗೂ ಇಎಸ್‌ಐ ದವಾಖಾನೆಯ ಹಕ್ಕಿದೆ. ವೈದ್ಯರು ಪ್ರಮಾಣೀಕರಿಸಿದ ಕಾಯಿಲೆಯ ರಜೆಗೆ ನಗದು ನೆರವೂ ಉಂಟು. ಇದು ಗೊತ್ತಿಲ್ಲದೆ ಖಾಸಗಿಗೆ ದುಡ್ಡು ಸುರಿಯುವ ಕಾರ್ಮಿಕರನ್ನು ಕಂಡಾಗ ಬೇಸರವಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಗುಳಿಗೆ ಹೇಳುತ್ತೀರಾ?

ಕೆಲವಕ್ಕೆ ಹೇಳಬಹುದು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಫೋನ್, ವಿಡಿಯೊ, ಸಂದೇಶದ ಮೂಲಕ ಸಲಹೆ ಕೊಡಬಹುದು. ಆದರೆ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಮಾದಕ ಗುಣದ ಕೆಲವು ಔಷಧಗಳನ್ನು ಹೀಗೆ ಬರೆಯುವಂತಿಲ್ಲ. ಹಳೆಯ ರೋಗಿ, ಹಳೆಯ ಕಾಯಿಲೆ, ಗುಳಿಗೆ ಮುಂದುವರಿಸುವುದಷ್ಟೇ ಎಂದಾದರೆ ಫೋನ್ ಸಾಕು; ಪಾಳಿಯಲ್ಲಿ ಕೂರುವುದೂ ತಪ್ಪುತ್ತದೆ. ಹೊಟ್ಟೆನೋವು, ಎದೆನೋವು, ಎಳೆ ಮಗುವಿನ ಜ್ವರ ಇವುಗಳನ್ನು ಕೈಯಿಂದ ಮುಟ್ಟಿ ನೋಡದೆ ಹೇಳುವುದು ಜೂಜು. ರಾತ್ರಿ ಹನ್ನೊಂದಕ್ಕೆ "ಸಾರ್, ಇದು ಏನು?" ಎಂಬ ಒಂದೇ ಸಾಲಿನ ಜೊತೆ ಮಸುಕು ಫೋಟೋ ಕಳಿಸುವವರಿಗೆ ಉತ್ತರ ಬರುವುದು ಬೆಳಿಗ್ಗೆಯೇ.

ಆನ್‌ಲೈನ್‌ನಲ್ಲಿ ವೈದ್ಯರ ಸಲಹೆ ಕೊಡುವ ಸರ್ಕಾರದ ಇ-ಸಂಜೀವಿನಿ ಸೇವೆಯೂ ಇದೆ, ಉಚಿತ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ದೊಡ್ಡ ಡಾಕ್ಟರ್ ಕಡೆ ಕಳಿಸುವಾಗ ನೀವು ಬರೆದುಕೊಡುವ ಚೀಟಿಯನ್ನು ಅಲ್ಲಿ ಯಾರೂ ಓದುವುದಿಲ್ಲ. ಅದು ಯಾಕೆ?

ಓದುವಂತೆ ಬರೆದಿರುವುದಿಲ್ಲ, ಅದಕ್ಕೆ. "ಮಾನ್ಯರೇ, ಈ ರೋಗಿಯನ್ನು ದಯವಿಟ್ಟು ನೋಡಿ" ಎಂಬ ಚೀಟಿಯಿಂದ ಯಾರಿಗೆ ಏನು ತಿಳಿಯಬೇಕು? ಒಳ್ಳೆಯ ರೆಫರಲ್ ಚೀಟಿಯಲ್ಲಿ ಮೊದಲು ಪ್ರಶ್ನೆ ಇರಬೇಕು: ಇವರ ಎದೆನೋವು ಹೃದಯದ್ದೋ ಅಲ್ಲವೋ ಎಂಬುದು ತಿಳಿಯಬೇಕಾಗಿದೆ, ಈ ಗಂಟು ತೆಗೆಯಬೇಕೇ ಎಂಬುದು ತಿಳಿಯಬೇಕಾಗಿದೆ, ಹೀಗೆ. ಆಮೇಲೆ ಎಷ್ಟು ದಿನದ ತೊಂದರೆ, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳು ಪ್ರಮಾಣದ ಸಮೇತ, ಯಾವ ಔಷಧ ಒಗ್ಗುವುದಿಲ್ಲ, ಈಗಾಗಲೇ ಆದ ಪರೀಕ್ಷೆಗಳು. ಕೊನೆಯಲ್ಲಿ ಕಳಿಸಿದವರ ಫೋನ್ ಸಂಖ್ಯೆ. ಇಷ್ಟಿದ್ದರೆ ಅದೇ ರಕ್ತ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಎಷ್ಟೋ ಸಲ ತಪ್ಪುತ್ತದೆ. ನಿಮ್ಮ ಡಾಕ್ಟರ್ ಅರ್ಧ ಸಾಲು ಬರೆದು ಕೊಟ್ಟರೆ "ಗುಳಿಗೆಗಳ ಹೆಸರನ್ನೂ ಬರೆಯಿರಿ ಡಾಕ್ಟರೇ" ಎಂದು ಕೇಳಿ. ಕೇಳಿದವರಿಗೆ ಬರೆದೇ ಕೊಡುತ್ತೇವೆ.

ಸ್ಪೆಷಲಿಸ್ಟ್ ನೋಡಿದ ಮೇಲೆ ಉತ್ತರ ವಾಪಸು ಬರುವುದು ಇನ್ನೂ ಅಪರೂಪ. ಇಬ್ಬರು ವೈದ್ಯರ ನಡುವಿನ ಅಂಚೆಯಾಳು ಸದ್ಯಕ್ಕೆ ರೋಗಿಯೇ. ಆದ್ದರಿಂದ ಅಲ್ಲಿಂದ ಹೊರಡುವ ಮೊದಲು ಕೇಸ್ ಪೇಪರಿನ ಫೋಟೋ ತೆಗೆದುಕೊಳ್ಳಿ, ಮುಂದೆ ಯಾರು ಏನು ನೋಡಿಕೊಳ್ಳಬೇಕು ಎಂದು ಕೇಳಿ, ವಾರದೊಳಗೆ ನಿಮ್ಮ ಡಾಕ್ಟರಿಗೆ ತೋರಿಸಿ.

ಬಿಪಿಎಲ್ ಕಾರ್ಡ್ ಇದೆ. ನೀವು ಕೊಟ್ಟ ಚೀಟಿ ತೋರಿಸಿದರೆ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಉಚಿತವಾಗುತ್ತದೆಯೇ?

ಆಗುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ಅವರು ಕೊಡುವ ರೆಫರಲ್ ಹಿಡಿದು ಯೋಜನೆಯಲ್ಲಿ ನೋಂದಾಯಿಸಿದ ಆಸ್ಪತ್ರೆಗೆ ಹೋಗಬೇಕು. ನನ್ನಂತಹ ಖಾಸಗಿ ವೈದ್ಯರ ಚೀಟಿ ಆ ರೆಫರಲ್ ಅಲ್ಲ. ಯೋಜನೆಯಲ್ಲಿ ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರ ದಾಖಲಾಗಬಹುದು. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಹಣ ಕಟ್ಟುವ ಮೊದಲು ಅವರನ್ನು ಹುಡುಕಿ. ಕಟ್ಟಿದ ಮೇಲೆ ವಾಪಸು ಪಡೆಯುವುದು ಬೇರೆಯೇ ಒಂದು ತಪಸ್ಸು.

ನಮ್ಮ ಅವ್ವ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದಿದ್ದಾರೆ. ಗುಳಿಗೆಗಳು ಒಂದು ಚೀಲ ಇವೆ. ಹಳೆಯವನ್ನೂ ಮುಂದುವರಿಸಬೇಕೇ?

ನೀವೇ ನಿರ್ಧರಿಸಬೇಡಿ, ಆ ಚೀಲವನ್ನು ಹಾಗೆಯೇ ಎತ್ತಿಕೊಂಡು ಬನ್ನಿ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಒಂದೆರಡು ವಾರದಷ್ಟು ಅಪಾಯದ ಕಾಲ ಇನ್ನೊಂದಿಲ್ಲ.

ಒಂದೇ ಔಷಧ ಹತ್ತಾರು ಕಂಪನಿಗಳ ಹೆಸರಿನಲ್ಲಿ ಬರುತ್ತದೆ. ಮನೆಯಲ್ಲಿ ಮೊದಲೇ ಇದ್ದ ಬಿಪಿ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಎಂಬ ಔಷಧ ಇರುತ್ತದೆ, ಆಸ್ಪತ್ರೆಯವರು ಬರೆದ ಹೊಸ ಹೆಸರಿನ ಗುಳಿಗೆಯಲ್ಲೂ ಅದೇ ಇರುತ್ತದೆ. ಬಣ್ಣ ಬೇರೆ, ಪೊಟ್ಟಣ ಬೇರೆ. ಎರಡನ್ನೂ ನುಂಗಿದ ಅಜ್ಜಿ ಬೆಳಿಗ್ಗೆ ಎದ್ದು ನಿಂತೊಡನೆ ತಲೆ ತಿರುಗಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಶುಗರ್ ಗುಳಿಗೆ ಎರಡಾದರೆ ಸಕ್ಕರೆ ಇಳಿದು ಪ್ರಜ್ಞೆಯೇ ತಪ್ಪಬಹುದು. ಜ್ವರದ ಗುಳಿಗೆ, ನೆಗಡಿಯ ಗುಳಿಗೆ, ಮೈಕೈನೋವಿನ ಗುಳಿಗೆ ಮೂರರಲ್ಲೂ ಪ್ಯಾರಾಸಿಟಮಾಲ್ ಅಡಗಿರುವುದು ಸಾಮಾನ್ಯ. ವಯಸ್ಕರಿಗೂ ಅದು ದಿನಕ್ಕೆ 4 ಗ್ರಾಂ ಮೀರಬಾರದು. ಪೊಟ್ಟಣದ ಮೇಲೆ ಕಂಪನಿಯ ಹೆಸರಿನ ಹತ್ತಿರವೇ ಔಷಧದ ಮೂಲ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ವಹಿಸಿ, ಒಂದೇ ಹೆಸರು ಎರಡು ಪೊಟ್ಟಣದಲ್ಲಿ ಕಂಡರೆ ಕೂಡಲೇ ಫೋನ್ ಮಾಡಲಿ.

ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಹಳೆಯ ಗುಳಿಗೆಗಳಲ್ಲಿ ಯಾವುದು ನಿಂತಿತು, ಹೊಸದು ಎಷ್ಟು ದಿನದವರೆಗೆ, ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು. "ಮುಂದುವರಿಸಿ" ಎಂದಷ್ಟೇ ಬರೆದ ಚೀಟಿ ಹಿಡಿದು, ಆಸಿಡಿಟಿ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ಪ್ರತಿ ಓಣಿಯಲ್ಲೂ ಇದ್ದಾರೆ.

ಆಸ್ಪತ್ರೆಯವರು ಫೈಲ್ ಕೊಡಲು ಒಪ್ಪುವುದಿಲ್ಲ. ಕೇಳುವ ಹಕ್ಕು ಇದೆಯೇ?

ಇದೆ. ವೈದ್ಯಕೀಯ ವೃತ್ತಿಯ 2002ರ ನೀತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಅರ್ಜಿಯನ್ನು ಲಿಖಿತವಾಗಿ ಕೊಡಿ, ನಕಲಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಹೆಚ್ಚಿನ ಕಡೆ ಸಹಿ ಕೇಳಿದ ಕೂಡಲೇ ಫೈಲ್ ಸಿಗುತ್ತದೆ.

ಆಭಾ ಸಂಖ್ಯೆ ಮಾಡಿಸಿದರೆ ಕಾಗದ ಹೊತ್ತು ತಿರುಗುವುದು ತಪ್ಪುತ್ತದೆಯೇ?

ಮುಂದೆ ತಪ್ಪಬಹುದು, ಇಂದಿಗೆ ಪೂರ್ತಿ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಡಿಜಿಟಲ್ ಆರೋಗ್ಯ ಅಭಿಯಾನದಲ್ಲಿ ಪ್ರತಿಯೊಬ್ಬರಿಗೂ 14 ಅಂಕಿಯ ಈ ಆಭಾ ಸಂಖ್ಯೆ ಸಿಗುತ್ತದೆ. ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಒಬ್ಬರ ದಾಖಲೆ ಇನ್ನೊಬ್ಬರಿಗೆ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಹೊರರೋಗಿ ಚೀಟಿ ಪಡೆಯಲು ಇದು ಅನುಕೂಲ. ಆದರೆ ಓಣಿಯ ದವಾಖಾನೆ ಇನ್ನೂ ಕಾಗದದಲ್ಲೇ ಬರೆಯುತ್ತಿದ್ದರೆ ಸಂಖ್ಯೆಯೊಳಗೆ ಏನೂ ಸೇರುವುದಿಲ್ಲ. ಮಾಡಿಸಿಡಿ, ಪ್ಲಾಸ್ಟಿಕ್ ಫೈಲ್ ಮಾತ್ರ ಎಸೆಯಬೇಡಿ.

ಚಂದಗಡದಿಂದ ಬೀಗರು ಬಂದು ಇಲ್ಲಿ ತೋರಿಸಿಕೊಳ್ಳುತ್ತಾರೆ, ನಾವು ಮಿರಜಿಗೆ ಹೋಗಿ ಬರುತ್ತೇವೆ. ಇದರಿಂದ ತೊಂದರೆ ಇದೆಯೇ?

ಗಡಿಯ ಊರಿನಲ್ಲಿ ಇದು ತಲೆಮಾರುಗಳ ರೂಢಿ, ಬಿಡಿ ಎಂದರೆ ಬಿಡುವವರಿಲ್ಲ. ಮಿರಜಿನ ಆಸ್ಪತ್ರೆಗಳ ಹೆಸರು ಉತ್ತರ ಕರ್ನಾಟಕದ ಮನೆಮನೆಯಲ್ಲಿದೆ. ತೊಂದರೆ ಇರುವುದು ಯೋಜನೆಗಳಲ್ಲಿ: ಕರ್ನಾಟಕ, ಮಹಾರಾಷ್ಟ್ರ ಎರಡು ರಾಜ್ಯಗಳ ಆರೋಗ್ಯ ಯೋಜನೆಗಳ ನಿಯಮ, ಪ್ಯಾಕೇಜ್, ಆಸ್ಪತ್ರೆಗಳ ಪಟ್ಟಿ ಬೇರೆ ಬೇರೆ. ಹೊರಡುವ ಮೊದಲು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಫೋನಿನಲ್ಲೇ ಕೇಳಿ. ಮರಾಠಿಯಲ್ಲಿ ಬರೆದುಕೊಟ್ಟ ಸೂಚನೆ ಓದಲು ಬೆಳಗಾವಿಯಲ್ಲಿ ಯಾರಿಗೂ ಕಷ್ಟವಿಲ್ಲ. ಆದರೆ ಹಣ ಉಳಿಸಲೆಂದು ಅಲ್ಲಿ ಶಸ್ತ್ರಚಿಕಿತ್ಸೆ, ಇಲ್ಲಿ ಹೊಲಿಗೆ ಬಿಚ್ಚುವುದು ಎಂದು ಹಂಚಿಕೊಳ್ಳುವುದಾದರೆ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಕಡ್ಡಾಯವಾಗಿ ತನ್ನಿ.

ಯಾವಾಗ ನಿಮ್ಮ ಕಡೆ ಬರಬಾರದು?

ಎದೆಯ ನಡುವೆ ಒತ್ತಿದಂತಾಗಿ ಬೆವರು ಬಂದಾಗ, ಮುಖ ಓರೆಯಾಗಿ ಕೈ ಬಿದ್ದುಹೋದಾಗ, ಮಾತು ತೊದಲಿದಾಗ, ಹಾವು ಕಚ್ಚಿದಾಗ, ಗರ್ಭಿಣಿಗೆ ರಕ್ತಸ್ರಾವವಾದಾಗ, ಮಗುವಿನ ಫಿಟ್ಸ್ ನಿಲ್ಲದಿದ್ದಾಗ. ನನ್ನ ಬಾಗಿಲು ತಟ್ಟಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಮೆದುಳಿನ ರಕ್ತನಾಳ ಕಟ್ಟಿದವರಿಗೆ ಹೆಪ್ಪು ಕರಗಿಸುವ ಔಷಧ ಕೊಡುವುದು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಅಷ್ಟರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಲಕ್ಷಣ ಶುರುವಾದ ಸಮಯವನ್ನು ನೆನಪಿಟ್ಟುಕೊಳ್ಳಿ, ಅಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ. ದಾರಿಯಲ್ಲಿರುವಾಗ ನನಗೆ ಫೋನ್ ಮಾಡಿ. ಗುಳಿಗೆಗಳ ವಿವರವನ್ನು ಅಲ್ಲಿನವರಿಗೆ ತಿಳಿಸುವುದು ನನ್ನ ಪಾಲಿನ ಕೆಲಸ.

ಸಲಾಯಿನ್ ಹಚ್ಚಿದರೆ ಬೇಗ ಗುಣವಾಗುವುದಿಲ್ಲವೇ?

ಬಾಯಿಂದ ನೀರು ಕುಡಿಯಬಲ್ಲವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಈ ಉತ್ತರದಿಂದ ರೋಗಿಗಳನ್ನು ಕಳೆದುಕೊಂಡ ವೈದ್ಯರು ಅನೇಕರು.

ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಮನೆಗೆ ಬಂದು ನೋಡುತ್ತೀರಾ?

ಹಳೆಯ ವೈದ್ಯರು ಚರ್ಮದ ಚೀಲ ಹಿಡಿದು ಮನೆಮನೆಗೆ ಹೋಗುತ್ತಿದ್ದರು, ಈಗ ಹೋಗುವವರು ಕೆಲವರೇ. ಭೇಟಿಗೆ ಮೊದಲು ಮನೆಯವರು ಬಿಪಿ, ಶುಗರ್, ಜ್ವರ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಳ್ಳಿ. ನಗರದಲ್ಲಿ 200ರಿಂದ 500 ಮನೆಗಳಿಗೆ ಒಬ್ಬರಿರಬೇಕೆಂಬುದು ನಿಯಮ. ಬೆನ್ನಿನ ಹುಣ್ಣು, ಮೂತ್ರದ ನಳಿಕೆ, ಊಟದ ನಳಿಕೆ ನೋಡಿಕೊಳ್ಳುವುದನ್ನು ನರ್ಸ್ ಒಬ್ಬರಿಂದ ಕಲಿತುಕೊಳ್ಳಿ. ಪ್ರತಿ ಸಲ ಆಂಬುಲೆನ್ಸ್‌ನಲ್ಲಿ ಸಾಗಿಸುವುದು ಅವರಿಗೂ ಹಿಂಸೆ, ನಿಮಗೂ.

ಬ್ರಿಟನ್ನಿನಲ್ಲಿ ಎಲ್ಲರಿಗೂ ಒಬ್ಬ ಡಾಕ್ಟರ್ ಗೊತ್ತುಮಾಡಿರುತ್ತಾರಂತೆ. ನಮ್ಮಲ್ಲಿ ಯಾವಾಗ?

ಅಲ್ಲಿ ಜನರು ಮನೆಯ ಹತ್ತಿರದ ದವಾಖಾನೆಯಲ್ಲಿ ಹೆಸರು ನೋಂದಾಯಿಸುತ್ತಾರೆ, ಸ್ಪೆಷಲಿಸ್ಟ್ ಬಳಿ ಹೋಗುವುದು ಹೆಚ್ಚಾಗಿ ಆ ವೈದ್ಯರ ಮೂಲಕ. ಆದರೂ ಗೋಳು ತಪ್ಪಿಲ್ಲ. ಬೆಳಿಗ್ಗೆ ಎಂಟಾದೊಡನೆ ಎಲ್ಲರೂ ಒಮ್ಮೆಲೇ ಫೋನ್ ಮಾಡುವುದು ಅಲ್ಲಿನ ದೊಡ್ಡ ದೂರು. ಅದನ್ನು ನೀಗಿಸಲೆಂದು ಇಂಗ್ಲೆಂಡಿನ ಆರೋಗ್ಯ ಸೇವೆ 2023ರ ಮೇ ತಿಂಗಳಲ್ಲಿ ಯೋಜನೆಯೊಂದನ್ನು ಪ್ರಕಟಿಸಿತು. 2024ರ ಜನವರಿಯಿಂದ ಏಳು ಸಣ್ಣ ಕಾಯಿಲೆಗಳಿಗೆ ಔಷಧ ಅಂಗಡಿಯ ಫಾರ್ಮಸಿಸ್ಟರೇ ಚಿಕಿತ್ಸೆ ಕೊಡಲು ಅವಕಾಶವಾಯಿತು. ಅದನ್ನು ಕೇಳಿ ನಮ್ಮ ಅಂಗಡಿಗಳಲ್ಲಿ ಆ್ಯಂಟಿಬಯಾಟಿಕ್ ಕೇಳಬೇಡಿ. ಅಲ್ಲಿ ಯಾವ ಕಾಯಿಲೆಗೆ ಯಾರಿಗೆ ಏನು ಎಂಬ ಕಟ್ಟುಪಾಡಿದೆ. ಇಲ್ಲಿ ಎರಡು ಗುಳಿಗೆ ಕತ್ತರಿಸಿ ಕೊಡುವ ಕತ್ತರಿ ಮಾತ್ರ ಇದೆ.

ನಮ್ಮಲ್ಲಿ ಸರ್ಕಾರಿ ನೋಂದಣಿ ಬರುವವರೆಗೆ ಕಾಯಬೇಕಿಲ್ಲ. ಬೆಳಗಾವಿಯ ವೈದ್ಯರೇ ಕೂಡಿ ಒಂದು ಪುಟದ ಸಮಾನ ರೆಫರಲ್ ನಮೂನೆ ಮಾಡಿಕೊಳ್ಳಬಹುದು. ಡಿಸ್ಚಾರ್ಜ್ ದಿನ ಆಸ್ಪತ್ರೆಯವರು ರೋಗಿಯ ಒಪ್ಪಿಗೆ ಪಡೆದು ಫ್ಯಾಮಿಲಿ ಡಾಕ್ಟರಿಗೆ ಒಂದು ಪ್ರತಿ ಕಳಿಸಬಹುದು. ದಾಖಲಾಗುವಾಗ ತುಂಬಿಸುವ ಫಾರ್ಮಿನಲ್ಲಿ ಊರು, ತಂದೆಯ ಹೆಸರಿನ ಕೆಳಗೆ "ನಿಮ್ಮ ಫ್ಯಾಮಿಲಿ ಡಾಕ್ಟರ್ ಯಾರು?" ಎಂಬ ಒಂದು ಸಾಲು ಸೇರಿಸಲು ಎಷ್ಟು ಖರ್ಚಾಗುತ್ತದೆ?

ಡಾಕ್ಟರನ್ನು ಬದಲಿಸಿದರೆ ಬೇಜಾರಾಗುತ್ತದೆಯೇ? ಎರಡನೆಯವರ ಅಭಿಪ್ರಾಯ ಕೇಳಬಹುದೇ?

ಕೇಳಿ, ಮುಖ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು. ಮುಚ್ಚಿಡದೆ ಹೇಳಿ ಹೋದರೆ ಬೇಕಾದ ಕಾಗದ ನಾವೇ ಕೊಡುತ್ತೇವೆ. ಗುಟ್ಟಾಗಿ ಹೋದರೆ ಎರಡನೆಯವರು ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಿಸುತ್ತಾರೆ.

ಮೊದಲ ಭೇಟಿಗೆ ಏನು ತರಬೇಕು?

ಮನೆಯಲ್ಲಿರುವ ಎಲ್ಲ ಗುಳಿಗೆಗಳು, ಪೊಟ್ಟಣದ ಸಮೇತ. ನಾಟಿ ಔಷಧ, ಆಯುರ್ವೇದದ ಪುಡಿ ಇದ್ದರೆ ಅದೂ. ಕೊನೆಯ ಡಿಸ್ಚಾರ್ಜ್ ಚೀಟಿ, ಈಚಿನ ಇಸಿಜಿ ಮತ್ತು ರಕ್ತ ಪರೀಕ್ಷೆ. ಗರ್ಭಿಣಿಯಾದರೆ ತಾಯಿ ಕಾರ್ಡ್, ಮಗುವಾದರೆ ಲಸಿಕೆಯ ಕಾರ್ಡ್. ಹಿರಿಯರ ಜೊತೆ ದಿನವೂ ಗುಳಿಗೆ ಕೊಡುವವರೇ ಬರಲಿ. ಹೆಚ್ಚಿನ ಮನೆಗಳಲ್ಲಿ ಅದು ಸೊಸೆ, ಆದರೆ ದವಾಖಾನೆಗೆ ಬರುವವನು ಮಗ. ಅವನನ್ನು ಏನು ಕೇಳಿದರೂ ಮನೆಗೆ ಫೋನ್ ಹಚ್ಚುತ್ತಾನೆ.